ಅಳು ಬಿಟ್ಟ ಕೂಸು

ಮಕ್ಕಳು ದೇವರ ಸಮಾನ ಎಂದು ಹಿರಿಯರು ಹೇಳುತ್ತಾರೆ. ಅಳದೆ ಬಿದ್ದುಕೊಂಡಿದ್ದರೆ ಮಾತ್ರ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ ಶಿರಂಗಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡಿ, ಸೆರಗಿಗೆ ಒರೆಸಿಕೊಂಡು, “ನಂಗ್ಯಾಕೋ ಅನುಮಾನ” ಎನ್ನುತ್ತಿದ್ದರು.

ಎದುರುಮನೆಯ ಬಾಣಂತಿ ಚಳಿಜ್ವರ ಬಂದು ಮಡಿಕೇರಿಯ ಆಸ್ಪತ್ರೆ ಸೇರಿದಳು. ಕೂಸನ್ನು ಅವಳ ನಾದಿನಿ ನೋಡಿಕೊಂಡಳು: ಹೊತ್ತಿಗೆ ಹಾಲು, ಉಳಿದಂತೆ ತೊಟ್ಟಿಲು. ಮೊದಮೊದಲು ಬೀದಿಗೆಲ್ಲ ಕೇಳುವಂತೆ ಅತ್ತ ಕೂಸು ಆಮೇಲೆ ಸುಮ್ಮನಾಯಿತು. ನಾವೆಲ್ಲ ನಾದಿನಿಯನ್ನು ಹೊಗಳಿದೆವು. ಅಜ್ಜಿ ಮಾತ್ರ ಬಂದು ಕೂಸಿನ ಕಣ್ಣೆದುರು ಬೆರಳಾಡಿಸಿದರು. ಅದು ಸೂರನ್ನೇ ನೋಡುತ್ತಿತ್ತು, ಮೈಯೂ ಇಳಿದಿತ್ತು.

“ಎಷ್ಟ್ ಕೂಗುದ್ರೂ ಯಾರೂ ಬರ್ನಿಲ್ಲ ಅಂತ ಅಳೋದ್ನೇ ಬಿಟ್ಬುಟ್ಟದೆ ಕಣವ್ವ. ನಂಗ್ಯಾಕೋ ಅನುಮಾನ.”

ನಾದಿನಿ ಸಿಡುಕಿದಳು. “ಅಳ್ದೇ ಇದ್ರೂ ತಪ್ಪಾ ಅಜ್ಜಿ? ನಾನ್ ಎತ್ಕೊಂಡ್ ಕೂತ್ರೆ ಗದ್ದೆ ಕೆಲ್ಸ ನೀವ್ ಮಾಡ್ತೀರಾ?”

“ನಿನ್ ಗದ್ದೆ ನಂಗ್ಯಾಕೆ? ಕೂಸ್ ಕೊಡು.”

ಅಂದಿನಿಂದ ಕೂಸು ಅಜ್ಜಿಯ ಕಂಕುಳಲ್ಲೇ ಇತ್ತು. ಹಾಲಿನವನ ವಿಚಾರಣೆಗೂ ತಪ್ಪದೆ ಹಾಜರಾಗುತ್ತಿತ್ತು. ಊರವರ ಮೇಲಿನ ದೂರುಗಳನ್ನೆಲ್ಲ ಅಜ್ಜಿ ಅದರ ಕಿವಿಯಲ್ಲಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಕೆಳಗಿಳಿಸಿದೊಡನೆ ಕೂಸು ಕಿರುಚಿ ಅತ್ತಿತು. ಅಜ್ಜಿ ಎತ್ತಿಕೊಂಡರು, “ನಂಗ್ಯಾಕೋ ಅನುಮಾನ” ಎನ್ನಲಿಲ್ಲ.

ತಾಯಿ ಗುಣವಾಗಿ ಬರುವ ತನಕ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.