ತಿಮಾಂದ್ರನ ಗೆಲುವಿನ ಕಂಬ

ಮೆಲೀನೆ ಊರಿನ ದಂಡನಾಯಕ ತಿಮಾಂದ್ರ ಹನ್ನೊಂದು ವರ್ಷ ಸೇನೆ ನಡೆಸಿ ಗೆದ್ದದ್ದು ಒಂದೇ ಒಂದು ಯುದ್ಧ. ಒಂದಾದರೂ ಗೆದ್ದನಲ್ಲ ಎಂದು ನಾವು ಮೆಲೀನೆಯವರು ಎದೆಯುಬ್ಬಿಸುತ್ತೇವೆ. ಅವನಿಗಿಂತ ಮೊದಲಿದ್ದವರು ಅಷ್ಟನ್ನೂ ಮಾಡಿರಲಿಲ್ಲ.

ಅವನಿಗೆ ಆ ಪದವಿ ಸಿಕ್ಕಿದ್ದು ಶೌರ್ಯದಿಂದಲ್ಲ, ಗಂಟಲಿನಿಂದ. ಎರಡು ಗುಡ್ಡದಾಚೆ ಮೇಯುವ ಮೇಕೆಯೂ ಅವನು ಕೂಗಿದರೆ ತಲೆಯೆತ್ತುತ್ತಿತ್ತು. ಊರ ಸಭೆಯಲ್ಲಿ ಕೈಯೆತ್ತಿ ದಂಡನಾಯಕನನ್ನು ಆರಿಸಿದ ದಿನ ಅವನು ಟಗರು ಕೊಳ್ಳಲು ಹೋಗಿದ್ದ. ಸಭೆಯಲ್ಲಿ ಕೂತಿದ್ದ ಒಬ್ಬೊಬ್ಬರಲ್ಲೂ ನಮ್ಮವರು ಒಂದೊಂದು ಹುಳುಕು ತೆಗೆದರು. ಎದುರಿಗಿಲ್ಲದವನಲ್ಲಿ ಹುಳುಕು ತೆಗೆಯುವುದರಲ್ಲಿ ಏನು ಸುಖ? ಅವನೇ ಆಯ್ಕೆಯಾದ. ಸಂಜೆ ಟಗರು ಎಳೆದುಕೊಂಡು ಬಂದವನಿಗೆ ಹೆಂಡತಿ ಫಿಲೀನ ಬಾಗಿಲಲ್ಲೇ ಹೇಳಿದಳು: "ಟಗರನ್ನ ಹಿತ್ತಲಲ್ಲಿ ಕಟ್ಟಿ. ನಿಮ್ಮನ್ನೂ ಊರವರು ಕಟ್ಟಿ ಹಾಕಿಯಾಯ್ತು."

ಹಳ್ಳದಾಚೆಯ ಥಿರೆ ಊರಿನವರಿಗೂ ನಮಗೂ ಹುಲ್ಲುಗಾವಲಿನ ಜಗಳ. ಅವನ ಮೊದಲ ಯುದ್ಧದಲ್ಲಿ ಯುದ್ಧವೇ ಆಗಲಿಲ್ಲ. ಬಾರ್ಲಿ ಕೊಯ್ಲು ಮುಗಿದಿಲ್ಲವೆಂದು ಎರಡು ಕಡೆಯವರಿಗೂ ನೆನಪಾಗಿ, ಬೈದಾಡಿಕೊಂಡು ಮನೆಗೆ ಹೋದರು. ಎರಡನೆಯದರಲ್ಲಿ ಸೋತ. ಆದರೆ ಸೋತು ಬರುವಾಗ ಕಾಲು ಮುರಿದ ಕುಂಬಾರನೊಬ್ಬನನ್ನು ಬೆನ್ನ ಮೇಲೆ ಹೊತ್ತು, ಎಲ್ಲರೂ ದಾಟಿದ ಮೇಲೆ ಹಳ್ಳ ದಾಟಿದ. ಹನ್ನೊಂದು ವರ್ಷಗಳಲ್ಲಿ ಅವನ ಕೈಕೆಳಗೆ ಸತ್ತವರು ನಾಲ್ವರು. ಆ ನಾಲ್ಕೂ ಮನೆಗಳ ಆಲಿವ್ ಮರಗಳನ್ನು ಮೊದಲು ಬಡಿದು ಕಾಯಿ ಇಳಿಸಿಕೊಟ್ಟೇ ಪ್ರತಿವರ್ಷ ಅವನು ತನ್ನ ತೋಟಕ್ಕೆ ಹೋಗುತ್ತಿದ್ದ.

ಗೆದ್ದದ್ದು ಏಳನೆಯ ವರ್ಷ, ಹಳ್ಳದ ದಡದಲ್ಲಿ. ಥಿರೆಯವರು ಗುರಾಣಿಗೆ ಗುರಾಣಿ ಸೇರಿಸಿಕೊಂಡು ನುಗ್ಗಿದಾಗ ನಮ್ಮವರ ಕಾಲುಗಳು ಆಗಲೇ ಊರಿನ ಕಡೆ ತಿರುಗಿದ್ದವು. "ನಿಲ್ರೋ!" ಎಂದು ತಿಮಾಂದ್ರ ಕೂಗಿದ. ಮೇಕೆಗಳಿಗಿಂತ ನಾವೇನು ಕಡಿಮೆ? ನಿಂತೆವು. ನಾವು ನಿಂತದ್ದನ್ನು ಕಂಡು ಗಾಬರಿಯಾದ ಥಿರೆಯವರು ತಾವೇ ಓಡಿದರು.

ಶತ್ರು ಬೆನ್ನು ತಿರುಗಿಸಿದ ಜಾಗದಲ್ಲಿ ಓಕ್ ಮರದ ಕಂಬ ನೆಟ್ಟು, ಅವರು ಬಿಸಾಡಿ ಹೋದ ಶಿರಸ್ತ್ರಾಣ, ಎದೆಕವಚ, ಗುರಾಣಿ ತೂಗುಹಾಕಿ ಝ್ಯೂಸ್ ದೇವರಿಗೆ ಒಪ್ಪಿಸಿದೆವು. ಈ ಕಂಬಕ್ಕೊಂದು ಕಟ್ಟಳೆಯಿದೆ: ಮರದ್ದೇ ಆಗಬೇಕು, ಕಲ್ಲಿನದಾಗಕೂಡದು. ವಾಲಿದರೆ ಯಾರೂ ಎತ್ತಕೂಡದು, ಮುರಿದರೆ ಜೋಡಿಸಕೂಡದು. ಕಂಬದ ಜೊತೆಗೆ ಹಗೆಯೂ ಮಣ್ಣಾಗಲಿ ಎಂಬುದು ಹಿರಿಯರ ಲೆಕ್ಕಾಚಾರ.

ಹಗೆ ಕಂಬಕ್ಕಿಂತ ಬೇಗ ಹೋಯಿತು. ಹುಲ್ಲುಗಾವಲನ್ನು ಪಾಲು ಮಾಡಿಕೊಂಡು ಇಪ್ಪತ್ತು ವರ್ಷ ಕಳೆದವು. ತಿಮಾಂದ್ರನಿಗೆ ಅರವತ್ತೆಂಟಾಯಿತು. ಊರ ಹುಡುಗರು ಅವನನ್ನು "ಮೇಕೆ ತಾತ" ಎನ್ನತೊಡಗಿದರು. ಅವನು ಒಂದು ಕಾಲಕ್ಕೆ ದಂಡನಾಯಕನಾಗಿದ್ದ ಎನ್ನಲು ಉಳಿದಿದ್ದ ಗುರುತು ಆ ಕಂಬವೊಂದೇ. ಅದೂ ಒಂದು ಚಳಿಗಾಲದಲ್ಲಿ ವಾಲಿತು.

ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬುಟ್ಟಿಯ ತಳದಲ್ಲಿ ಹಗ್ಗ, ಎರಡು ಮರದ ಬೆಣೆ ಇಟ್ಟು, ಮೇಲೆ ಗಿಣ್ಣು, ಈರುಳ್ಳಿ ಮುಚ್ಚಿಕೊಂಡು ಹೊರಟ.

"ಈರುಳ್ಳಿ ತಿನ್ನೋಕೆ ಹಗ್ಗ ಯಾಕೆ?" ಎಂದಳು ಫಿಲೀನ.

"ಮೇಕೆಗೆ."

"ಮೇಕೆ ಕೊಟ್ಟಿಗೇಲಿದೆ." ಅವಳು ಕೈಯಲ್ಲಿದ್ದ ನೂಲಿನ ಕದಿರು ಕೆಳಗಿಟ್ಟಳು. "ದೇವರಿಗೆ ಒಪ್ಪಿಸಿದ್ದನ್ನ ಮುಟ್ಟೋಕೆ ಹೊರಟಿದೀರಿ. ಊರಿಗೆ ಗೊತ್ತಾದ್ರೆ ಇಷ್ಟು ದಿನದ ಮರ್ಯಾದೆಯೂ ಹೋಗುತ್ತೆ."

"ಬಿದ್ರೆ ಏನು ಉಳಿಯುತ್ತೆ, ಫಿಲೀನ?"

ಅವಳು ಮತ್ತೆ ಕದಿರು ಕೈಗೆತ್ತಿಕೊಂಡಳು.

ಕಂಬದ ಬುಡದಲ್ಲಿ ಆಗಲೇ ಒಬ್ಬ ಮುದುಕ ಕೂತಿದ್ದ. ಪಕ್ಕದಲ್ಲಿ ಕತ್ತೆ, ಅದರ ಬೆನ್ನಿನಿಂದ ಜಾರಿಬಿದ್ದ ಸೌದೆ ಹೊರೆ.

"ಬನ್ನಿ ದಂಡನಾಯಕರೇ," ಎಂದ ಮುದುಕ. "ನಾನು ಥಿರೆಯ ಕೊರೆಬ. ಮೇಲೆ ಇರೋದು ನನ್ನ ಟೊಪ್ಪಿಗೆ."

ತಿಮಾಂದ್ರ ಶಿರಸ್ತ್ರಾಣದ ಕಡೆ ನೋಡಿದ. ಅದರ ಕಣ್ಣಿನ ತೂತಿನಿಂದ ಗುಬ್ಬಿಯೊಂದು ಇಣುಕುತ್ತಿತ್ತು.

"ಬಾಡಿಗೆಗೆ ಕೊಟ್ಟಿದೀಯೇನಯ್ಯ?"

"ನನ್ನ ತಲೆ ಇದ್ದಾಗಿಗಿಂತ ಅದರೊಳಗೆ ಈಗಲೇ ಜಾಸ್ತಿ ಕೆಲಸ ನಡೀತಿದೆ. ವರ್ಷಾ ವರ್ಷಾ ಬಂದು ನೋಡ್ತೀನಿ, ಬಿತ್ತಾ ಅಂತ." ಅವನ ಕಣ್ಣು ಬುಟ್ಟಿಗೆ ಹೋಯಿತು. ಈರುಳ್ಳಿಯ ನಡುವೆ ಹಗ್ಗದ ತುದಿ ಕಾಣುತ್ತಿತ್ತು. "ಓಹೋ! ಎತ್ತಿ ಕಟ್ಟೋಕೆ ಬಂದ್ರಾ?"

ತಿಮಾಂದ್ರ ಹಗ್ಗದ ತುದಿಯನ್ನು ಈರುಳ್ಳಿಯ ಕೆಳಗೆ ತುರುಕಿದ.

"ನಾಚ್ಕೋಬೇಡಿ. ನಾನೂ ಹೋದ ವರ್ಷ ಒದ್ದು ಬೀಳಿಸೋಣ ಅಂತ ಬಂದಿದ್ದೆ. ಕಾಲೇ ನೋವಾಯ್ತು." ಕೊರೆಬ ಗಿಣ್ಣಿಗೆ ಕೈಹಾಕಿದ. "ಅವತ್ತು ನೀವು ಎರಡು ಸಲ ಕೂಗಿದಿರಿ, ನೆನಪಿದೆಯಾ?"

"'ನಿಲ್ರೋ' ಅಂದೆ."

"ಅದು ಮೊದಲನೇದು. ಎರಡನೇದು, 'ಹಳ್ಳ ದಾಟಬೇಡ್ರೋ, ಓಡೋರನ್ನ ಬಿಡ್ರೋ!' ನಾನು ನೀರಲ್ಲಿ ಜಾರಿ ಬಿದ್ದಿದ್ದೆ. ನಿಮ್ಮೋನೊಬ್ಬ ನನ್ನ ಮೇಲೆ ಈಟಿ ಎತ್ತಿದ್ದ. ಕೂಗು ಕೇಳಿ ಇಳಿಸಿದ."

ತಿಮಾಂದ್ರನಿಗೆ ಅದು ಮರೆತೇಹೋಗಿತ್ತು. ನಮಗೆ ಮಾತ್ರ ಮರೆತಿರಲಿಲ್ಲ. ಕೈಗೆ ಸಿಕ್ಕಿದವರನ್ನು ಬಿಟ್ಟುಬಿಟ್ಟ ಪುಕ್ಕಲ ಎಂದು ಆ ಕೂಗಿಗಾಗಿ ಅವನನ್ನು ವರ್ಷಗಟ್ಟಲೆ ಆಡಿಕೊಂಡಿದ್ದೆವು.

"ಆಮೇಲೆ ನನಗೆ ಐದು ಮಕ್ಕಳಾದ್ವು," ಎಂದ ಕೊರೆಬ. "ದ್ರಾಕ್ಷಿ ತುಳಿಯೋ ದಿನ ಅವು ನಿಮ್ಮ ಥರ ಕೂಗಿ ತೋರಿಸು ಅಂತ ಪೀಡಿಸ್ತವೆ. ಕೂಗ್ತೀನಿ. ನಿಮ್ಮಷ್ಟು ಚೆನ್ನಾಗಿ ಬರಲ್ಲ ಬಿಡಿ."

ತಿಮಾಂದ್ರ ಬಹಳ ಹೊತ್ತು ಈರುಳ್ಳಿ ಸುಲಿಯುತ್ತ ಕೂತ. ಆಮೇಲೆ ಎದ್ದು, ಹಗ್ಗ ತೆಗೆದು, ಕೊರೆಬನ ಸೌದೆಯನ್ನು ಕತ್ತೆಯ ಬೆನ್ನಿಗೆ ಬಿಗಿದು ಕಟ್ಟಿದ.

ಮನೆಯಲ್ಲಿ ಫಿಲೀನ ಬುಟ್ಟಿ ಇಣುಕಿದಳು. "ಹಗ್ಗ?"

"ಥಿರೆಗೆ ಹೋಯ್ತು."

"ಕಂಬ?"

"ಗುಬ್ಬಿ ಮರಿ ಹಾರೋವರೆಗೆ ನಿಂತರೆ ಸಾಕು."

ಮರಿಗಳು ಹಾರಿದವು. ದ್ರಾಕ್ಷಿ ತುಳಿಯುವ ದಿನ ಮಧ್ಯಾಹ್ನ, ಕಾಲೆಲ್ಲ ಕೆಂಪು ಮಾಡಿಕೊಂಡು ನಾವೆಲ್ಲ ತೊಟ್ಟಿಯಲ್ಲಿದ್ದಾಗ, ಹಳ್ಳದ ಕಡೆಯಿಂದ ಒಂದು ಒಡಕು ದನಿ ಬಂತು: "ದಂಡನಾಯಕರೇ! ಬಿತ್ತೂ!"

ತಿಮಾಂದ್ರ ತೊಟ್ಟಿಯಲ್ಲೇ ನೆಟ್ಟಗೆ ನಿಂತ. "ಬೀಳಲಿ ಬಿಡೋ!" ಎಂದು ಕೂಗಿದ.

ಎರಡು ಗುಡ್ಡದಾಚೆಯ ಮೇಕೆಗಳು ತಲೆಯೆತ್ತಿದವಂತೆ. ತೊಟ್ಟಿಯಲ್ಲಿದ್ದ ನಾವೂ ತುಳಿಯುವುದನ್ನು ಮರೆತು ನಿಂತುಬಿಟ್ಟೆವು.