ಎಡಗಣ್ಣಿನ ಬದಿಯ ಚೆಂಡು

ಅವಳು ಎರಡು ದೇಶಗಳಿಗೆ ಕ್ರಿಕೆಟ್ ಆಡಿದಳು. ಎರಡನೆಯ ದೇಶ ಯಾವುದೆಂದು ನಾನು ಹೇಳುವುದಿಲ್ಲ, ಹೇಳಿದರೆ ಅವಳು ಯಾರೆಂದು ಹುಡುಕುವುದು ಸುಲಭ. ಅಷ್ಟು ಉಪಕಾರ ಸಾಕು. ಅವಳ ಜೊತೆ ಆಡಿದವರು ಈಗಲೂ ಸಿಕ್ಕಾಗ, ಎರಡು ದೇಶದ ಟೋಪಿ ಹಾಕಿದವಳು ನಮ್ಮಲ್ಲಿ ಅವಳೊಬ್ಬಳೇ ಅಂತ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲನೆಯ ಟೋಪಿ ಅವಳಿಗೆ ಹೇಗೆ ಬಂತೆಂದು ಎಲ್ಲರಿಗೂ ಗೊತ್ತು, ಬೌಲಿಂಗಿನಿಂದ ಬಂತು. ಎರಡನೆಯದು ಹೇಗೆ ಬಂತೆಂದು ಗೊತ್ತಿರುವುದು ನನಗೆ.

ನಮಗೆ ಪರಿಚಯವಾದದ್ದು ಅರವತ್ತರ ದಶಕದ ಕೊನೆಯಲ್ಲಿ, ಕಾಲೇಜಿನಲ್ಲಿ. ನಮ್ಮ ಮನೆ ಮುಂಬಯಿಯ ಗ್ರಾಂಟ್ ರೋಡಿನ ಒಂದು ಚಾಳಿನಲ್ಲಿತ್ತು. ಅಪ್ಪ ಅದೇ ಬೀದಿಯ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅವಳದು ಮಲಾಡ್. ಅವಳಪ್ಪ ಬಾಗಲಕೋಟೆ ಕಡೆಯಿಂದ ಬಂದ ಗೌಂಡಿ, ಅಲ್ಲಿ ಆಗತಾನೇ ಏಳುತ್ತಿದ್ದ ಸೊಸೈಟಿ ಬಿಲ್ಡಿಂಗುಗಳಿಗೆ ಗೋಡೆ ಕಟ್ಟುತ್ತಿದ್ದರು. ಕ್ಯಾಂಟೀನಿನಲ್ಲಿ ಯಾರೋ "ಯವ್ವಾ, ಎಷ್ಟ್ ಸುಡತೈತಿ ಈ ಚಾ" ಅಂದದ್ದು ಕಿವಿಗೆ ಬಿದ್ದು ನಾನು ತಿರುಗಿ ನೋಡಿದೆ. ಅಷ್ಟು ಹುಡುಗಿಯರ ನಡುವೆ ಕನ್ನಡ ಕೇಳಿದ್ದು ಅದೇ ಮೊದಲು. ಇಬ್ಬರ ಕನ್ನಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ನಾನು "ಎಂತ ಮಾರಾಯ್ತಿ" ಅಂದರೆ ಅವಳು ಇಡೀ ದಿನ ಅಣಕಿಸುತ್ತಿದ್ದಳು. ಆದರೆ ಇಬ್ಬರೂ ಗಲ್ಲಿಯಲ್ಲಿ ಹುಡುಗರ ಜೊತೆ ಕ್ರಿಕೆಟ್ ಆಡಿ, ಮನೆಯಲ್ಲಿ ಬೈಸಿಕೊಂಡು ಬೆಳೆದವರು. ಸ್ನೇಹಕ್ಕೆ ಅದು ಸಾಕಾಯಿತು.

ಎಪ್ಪತ್ತರ ದಶಕ ಶುರುವಾದ ಮೇಲೆ ಹೆಂಗಸರ ಟೀಮ್ ಕಟ್ಟುತ್ತಾರಂತೆ ಎಂಬ ಸುದ್ದಿ ಬಂತು. ಇಬ್ಬರೂ ಚರ್ಚ್‌ಗೇಟ್ ಹತ್ತಿರದ ಮೈದಾನಕ್ಕೆ ಹೋಗಿ ನಿಂತೆವು. ನೋಡಲು ಬಂದವರಲ್ಲಿ ಅರ್ಧ ಜನ ನಗಲು ಬಂದವರು. ಇದ್ದ ಎರಡು ಮೂರು ಬ್ಯಾಟುಗಳಲ್ಲೇ ಇಡೀ ಟೀಮು ಆಡಬೇಕು, ಔಟಾದವಳು ಬರುತ್ತಾ ದಾರಿಯಲ್ಲೇ ಪ್ಯಾಡ್ ಬಿಚ್ಚಿ ಮುಂದಿನವಳಿಗೆ ಕೊಡಬೇಕು. ಬೇರೆ ಊರಿಗೆ ಮ್ಯಾಚ್ ಅಂದರೆ ರಿಸರ್ವೇಶನ್ ಇಲ್ಲದ ರೈಲು ಡಬ್ಬಿ, ಹೋದಲ್ಲಿ ಯಾವುದೋ ಶಾಲೆಯ ನೆಲದ ಮೇಲೆ ಮಲಗುವುದು. ಅದರಷ್ಟು ಸುಖ ನನಗೆ ಆಮೇಲೆ ಯಾವುದರಲ್ಲೂ ಸಿಗಲಿಲ್ಲ. ಅವಳು ಲೆಗ್ ಸ್ಪಿನ್ ಹಾಕುತ್ತಿದ್ದಳು. ನಾನು ಓಪನಿಂಗ್ ಬ್ಯಾಟಿಂಗ್. ನನಗೆ ಬೇಕಿದ್ದದ್ದು ಒಂದೇ: ದೇಶದ ಟೀಮಿಗೆ ಮೊದಲನೆಯವಳಾಗಿ ಬ್ಯಾಟ್ ಹಿಡಿದು ಇಳಿಯಬೇಕು, ಅಲ್ಲೇ ಇರಬೇಕು. ಟೀಮಿನಲ್ಲಿ ಇರುವವರೆಗೆ ಗಂಡು ನೋಡುವ ಮಾತು ಎತ್ತುವುದಿಲ್ಲ ಎಂದು ಅಪ್ಪನೂ ಒಪ್ಪಿದ್ದರು.

ಒಂದು ಸಂಜೆ ನೆಟ್ಸ್‌ನಲ್ಲಿ ಚೆಂಡು ನೆಲದ ಉಬ್ಬಿಗೆ ತಾಗಿ ಎಗರಿ ನನ್ನ ಎಡಗಣ್ಣಿಗೆ ಬಡಿಯಿತು. ಊತ ಇಳಿಯಿತು, ಕಪ್ಪು ಹೋಯಿತು, ಮನೆಯಲ್ಲಿ ಎಲ್ಲರೂ ಮರೆತರು. ನನಗೆ ಮಾತ್ರ ಎಡಗಡೆಯಿಂದ ಬರುವುದು ಸ್ವಲ್ಪ ತಡವಾಗಿ ಕಾಣಿಸತೊಡಗಿತು. ಸ್ಟೇಶನ್ನಿನಲ್ಲಿ ಆ ಬದಿಯಿಂದ ಬಂದವರು ಮೈಗೆ ತಾಗಿದ ಮೇಲೆಯೇ ಗೊತ್ತಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳದೆಯೇ ಕಂಡುಹಿಡಿದವಳು ಅವಳು. ನೆಟ್ಸ್‌ನಲ್ಲಿ ಚೆಂಡು ಹಾಕುತ್ತಾ ಹಾಕುತ್ತಾ ನಿಂತು, ಹತ್ತಿರ ಬಂದು, ನನ್ನ ಬಲಗಣ್ಣಿನ ಮೇಲೆ ಅಂಗೈ ಇಟ್ಟು, ಎದುರಿನ ಮರ ಕಾಣಿಸುತ್ತಿದೆಯಾ ಎಂದು ಕೇಳಿದಳು. ನಾನು ಅತ್ತುಬಿಟ್ಟೆ.

"ಅಳಬ್ಯಾಡ. ಸತ್ರೂ ನಾ ಯಾರ ಮುಂದೂ ಹೇಳಾಂಗಿಲ್ಲ," ಎಂದಳು.

ಹೇಳದಿದ್ದದ್ದು ಮಾತ್ರವಲ್ಲ, ಅದಕ್ಕೊಂದು ದಾರಿಯನ್ನೂ ಹುಡುಕಿದಳು. ನಾನು ಎಲ್ಲರ ಹಾಗೆ ಎಡಭುಜ ಮುಂದೆ ಮಾಡಿ ನಿಲ್ಲುವುದನ್ನು ಬಿಡಿಸಿ, ಮುಖ ಪೂರ್ತಿ ಬೌಲರ್ ಕಡೆ ತಿರುಗಿಸಿ ನಿಲ್ಲಿಸಿದಳು. ಬೌಲರ್‌ಗಳು ಸಾಮಾನ್ಯವಾಗಿ ಸ್ಟಂಪಿನ ಯಾವ ಬದಿಯಿಂದ ಓಡಿ ಬರುತ್ತಾರೋ ಆ ಬದಿಯ ಚೆಂಡು ಹಾಗೆ ನಿಂತರೆ ನನಗೆ ಚೆನ್ನಾಗಿ ಕಾಣುತ್ತಿತ್ತು. ಕಷ್ಟವಿದ್ದದ್ದು ಆಚೆ ಬದಿಯಿಂದ, ಅಂದರೆ ರೌಂಡ್ ದಿ ವಿಕೆಟ್ ಬಂದು ನನ್ನ ಕಾಲ ಹಿಂದೆ ಹಾಕಿದರೆ. ಹಾಗೆ ಬಂದು ಹಾಕುವವರು ನಮ್ಮ ಕಾಲದಲ್ಲಿ ಇರಲೇ ಇಲ್ಲ ಅನ್ನಬೇಕು. ಆದರೂ ಅವಳು ದಿನಾ ಸಂಜೆ ಎಲ್ಲರೂ ಹೋದ ಮೇಲೆ ಆ ಬದಿಯಿಂದಲೇ ಹಾಕುತ್ತಿದ್ದಳು. ನಾನು ದಿನಾ ಔಟಾಗುತ್ತಿದ್ದೆ. ಆಮೇಲೆ ಒಟ್ಟಿಗೆ ಲೋಕಲ್ ರೈಲು ಹಿಡಿದು ನಾನು ಗ್ರಾಂಟ್ ರೋಡಿನಲ್ಲಿ ಇಳಿಯುತ್ತಿದ್ದೆ, ಅವಳು ಮಲಾಡ್‌ಗೆ ಹೋಗುತ್ತಿದ್ದಳು. ಎಷ್ಟೋ ದಿನ ಅವಳೂ ನಮ್ಮಲ್ಲೇ ಇಳಿದು ಊಟ ಮಾಡಿಕೊಂಡು ಹೋಗುತ್ತಿದ್ದಳು. ಅಮ್ಮ ಅವಳಿಗೆಂದೇ ಖಾರ ಜಾಸ್ತಿ ಹಾಕುತ್ತಿದ್ದಳು.

ದೇಶದ ಟೀಮಿಗೆ ಮೊದಲು ಹೋದವಳು ಅವಳು, ಹಿಂದೆಯೇ ನಾನು. ಒಟ್ಟಿಗೆ ಆಡಿದ್ದು ಕೆಲವೇ ಮ್ಯಾಚು. ಅಷ್ಟರಲ್ಲಿ ಅವಳಿಗೆ ಪರದೇಶದಲ್ಲಿ ಕೆಲಸದಲ್ಲಿದ್ದ ಗಂಡಿನ ಜೊತೆ ಮದುವೆಯಾಯಿತು. ವಿಮಾನ ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡು, ಇನ್ನು ಬ್ಯಾಟು ಚೆಂಡು ಎಲ್ಲ ಮುಗಿಯಿತು, ನೀನು ನನ್ನ ಪಾಲಿನದ್ದೂ ಆಡು ಎಂದಳು. ನಾನು ಆಡಿದೆ.

ಕೆಲವು ವರ್ಷಗಳ ನಂತರ ಆ ದೇಶದ ಹೆಂಗಸರ ಟೀಮು ನಮ್ಮಲ್ಲಿಗೆ ಬರುತ್ತದೆಂದು ಪೇಪರಿನಲ್ಲಿ ಬಂತು. ಆಟಗಾರ್ತಿಯರ ಪಟ್ಟಿಯಲ್ಲಿ ಅವಳ ಹೆಸರಿತ್ತು. ನಮ್ಮ ಟೀಮಿನಲ್ಲಿ ಕೆಲವರು ಮೂತಿ ತಿರುವಿದರು, ಉಪ್ಪು ತಿಂದ ಮನೆ ಮರೆತವಳು ಎಂದರು. ನಾನು ಅವರ ಜೊತೆ ಜಗಳಕ್ಕೇ ನಿಂತೆ. ಮದುವೆಯಾಗಿ ಹೋದ ಮನೆಯ ಕೆಲಸ ಮಾಡುತ್ತಾಳೆ, ಅದರಲ್ಲಿ ತಪ್ಪೇನು ಎಂದು ವಾದಿಸಿದೆ. ಈಗ ನೆನೆಸಿಕೊಂಡರೆ ನನ್ನ ವಕಾಲತ್ತಿಗೆ ನನಗೇ ನಗು ಬರುತ್ತದೆ.

ಮುಂಬಯಿ ಮ್ಯಾಚಿಗೆ ಎರಡು ದಿನ ಇರುವಾಗ ಅವಳು ನಮ್ಮ ಮನೆಗೆ ಊಟಕ್ಕೆ ಬಂದಳು. ಚಾಳಿನ ಹುಡುಗಿಯರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಅಮ್ಮ ಪತ್ರೊಡೆ ಮಾಡಿದ್ದಳು. "ಮಾವಶಿ, ಇದನ್ನ ತಿನ್ನಾಕನ ನಾ ಟೀಮಿಗೆ ಸೇರೇನಿ" ಎಂದು ಅಮ್ಮನನ್ನು ನಗಿಸಿದಳು. ಕೈ ತೊಳೆಯಲು ಮೋರಿಯ ಹತ್ತಿರ ಹೋದಾಗ ದನಿ ತಗ್ಗಿಸಿ, ಕಣ್ಣು ಈಗ ಹೇಗಿದೆ ಎಂದು ಕೇಳಿದಳು. ಹಾಗೇ ಇದೆ, ಬೆಳಕು ಇಳಿದರೆ ಇನ್ನೂ ಕಷ್ಟ ಎಂದೆ. ಅವಳು ನನ್ನ ಬೆನ್ನು ಸವರಿದಳು. ಊರಿನಲ್ಲಿ ನನ್ನ ಕಣ್ಣಿನ ಬಗ್ಗೆ ಕೇಳುವ ಜೀವ ಅವಳೊಂದೇ ಆಗಿತ್ತು, ನನಗೆ ಆ ಕ್ಷಣ ಬಹಳ ಹಿತವಾಯಿತು.

ಆ ಮ್ಯಾಚು ನನಗೆ ಮುಖ್ಯವಾಗಿತ್ತು. ಅದು ಮುಗಿದ ಮೇಲೆ ಪರದೇಶ ಪ್ರವಾಸಕ್ಕೆ ಟೀಮ್ ಆರಿಸುವವರಿದ್ದರು, ಆರಿಸುವವರೆಲ್ಲ ಶಾಮಿಯಾನದ ಕೆಳಗೆ ಕೂತಿದ್ದರು. ಬೆಳಗಿನ ಮೊದಲ ಓವರ್. ಬೌಲರ್ ಎತ್ತರದ ಬಿಳಿ ಹುಡುಗಿ, ನಾನು ಅವಳನ್ನು ನೋಡಿದ್ದು ಅವತ್ತೇ, ಅವಳು ನನ್ನನ್ನು ನೋಡಿದ್ದೂ ಅವತ್ತೇ. ಅಂಪೈರ್ ನನ್ನ ಕಡೆ ತಿರುಗಿ, ಬೌಲರ್ ರೌಂಡ್ ದಿ ವಿಕೆಟ್ ಬರುತ್ತಾಳೆ ಎಂದು ತಿಳಿಸಿದರು. ಹೊಸ ಚೆಂಡು, ಫಾಸ್ಟ್ ಬೌಲರ್, ಮೊದಲ ಬಾಲ್. ಹಾಗೆ ಯಾರೂ ಬರುವುದಿಲ್ಲ. ನಾನು ಮಿಡ್ ಆಫ್‌ನಲ್ಲಿ ನಿಂತಿದ್ದ ಅವಳ ಕಡೆ ನೋಡಿದೆ. ಅವಳು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದಳು.

ಎರಡು ಬಾಲು ಹೇಗೋ ತಪ್ಪಿಸಿದೆ, ಮೂರನೆಯದು ಕಾಲ ಹಿಂದಿನಿಂದ ಹೋಗಿ ಸ್ಟಂಪ್ ಎತ್ತಿತು. ಎರಡನೆಯ ಸರದಿಯಲ್ಲಿ ಇನ್ನೊಬ್ಬಳು, ಅವಳ ನಂತರ ಮತ್ತೊಬ್ಬಳು, ಎಲ್ಲರೂ ಅದೇ ಬದಿಯಿಂದ ಬಂದರು. ನಮ್ಮ ಟೀಮಿನ ಉಳಿದ ಯಾರಿಗೂ ಹಾಗೆ ಬರಲಿಲ್ಲ. ನನ್ನ ಕಣ್ಣು ಅವರ ಟೀಮ್ ಮೀಟಿಂಗಿನಲ್ಲಿ ಚರ್ಚೆಯಾಗಿತ್ತು. ನನಗೆ ಒಂದು ಓವರ್ ಕೂಡ ಅವಳು ತಾನೇ ಹಾಕಲಿಲ್ಲ. ಅವಳೇ ಹಾಕಿ ಔಟ್ ಮಾಡಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ, ಅವಳ ಕೈಯಲ್ಲಿ ಔಟಾಗಿ ನನಗೆ ಅಭ್ಯಾಸವಿತ್ತು. ಯಾರೋ ದಾರಿಹೋಕರ ಕೈಗೆ ನನ್ನನ್ನು ಕೊಟ್ಟಳಲ್ಲ, ಅದು ಉರಿ.

ಎದುರಾಳಿಗಳಿಗೆ ಗೊತ್ತಾದದ್ದು ಶಾಮಿಯಾನದವರಿಗೂ ಗೊತ್ತಾಯಿತು. ಮರುದಿನವೇ ನಮ್ಮ ಮ್ಯಾನೇಜರ್ ಬಾಯಿ ನನ್ನನ್ನು ಬೈಕುಲ್ಲಾದ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಲಗಣ್ಣು ಮುಚ್ಚಿ ಗೋಡೆಯ ಅಕ್ಷರ ಓದಿ ಎಂದರು. ಮೇಲಿನ ದೊಡ್ಡ ಅಕ್ಷರದ ಹೊರತು ನನಗೆ ಏನೂ ಕಾಣಲಿಲ್ಲ. ಮ್ಯಾನೇಜರ್ ಬಾಯಿ ಒಳ್ಳೆಯವರು, ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. ಪ್ರವಾಸದ ಟೀಮಿನಲ್ಲಿ ನನ್ನ ಹೆಸರು ಇರಲಿಲ್ಲ. ಆಮೇಲೆ ಯಾವ ಟೀಮಿನಲ್ಲೂ ಬರಲಿಲ್ಲ. ಅಪ್ಪ ಪಾಪ ಎರಡು ತಿಂಗಳು ಸುಮ್ಮನಿದ್ದು, ಆಮೇಲೆ ಗಂಡು ನೋಡಲು ಶುರುಮಾಡಿದರು.

ಆ ಮ್ಯಾಚಾದ ಮೇಲೆ, ತನ್ನ ಟೀಮು ಮುಂಬಯಿ ಬಿಡುವ ಮುಂಚೆ ಅವಳು ಅಪ್ಪನ ಹೋಟೆಲಿಗೆ ಬಂದಳು. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಅವಳನ್ನು ಉಪಚರಿಸಿ ಫ್ಯಾಮಿಲಿ ರೂಮಿನಲ್ಲಿ ಕೂರಿಸಿ ನನಗೆ ಹೇಳಿ ಕಳಿಸಿದರು. ಹೋಗಬಾರದು ಅಂದುಕೊಂಡೆ, ಕಾಲು ಕೇಳಲಿಲ್ಲ. ಅವಳ ಮುಂದೆ ಕೂತು, ಕಣ್ಣಿನ ವಿಷಯ ಹೇಳಿದ್ದು ನೀನೇನಾ ಎಂದು ನೇರ ಕೇಳಿದೆ. ಹೌದೆಂದಳು. ಸುಳ್ಳಾದರೂ ಹೇಳಬಹುದಿತ್ತು.

ಅವಳೂ ತನ್ನ ಕಷ್ಟ ಹೇಳಿಕೊಂಡಳು. ಅಲ್ಲಿ ಎಷ್ಟು ವಿಕೆಟ್ ತೆಗೆದರೂ ಹೊರಗಿನವಳೇ ಆಗಿ ಉಳಿದೆ, ಈ ಪ್ರವಾಸಕ್ಕೆ ನನ್ನನ್ನು ಸೇರಿಸಿದ್ದೇ ನಿಮ್ಮೆಲ್ಲರನ್ನೂ ಬಲ್ಲವಳು ಎಂದು, ಮ್ಯಾಚಿನ ಹಿಂದಿನ ದಿನದ ಮೀಟಿಂಗಿನಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಕೂತರು, ಏನಾದರೂ ಹೇಳಲೇಬೇಕಿತ್ತು ಎಂದಳು. ನಾನು ಕೇಳಿಸಿಕೊಂಡೆ. ನನಗೆ ಅವಳ ಕಷ್ಟ ಅರ್ಥವೂ ಆಯಿತು, ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ.

"ಮತ್ತೆ ಊಟದ ದಿನ ಕಣ್ಣು ಹೇಗುಂಟು ಅಂತ ಕೇಳಿದ್ದೆಂತಕ್ಕೆ?" ಎಂದೆ.

"ಸುಧಾರಿಸಿದ್ರ ಹೇಳ್ತಿರಲಿಲ್ಲ."

"ಉಳಿದವರದ್ದು? ಎಲ್ಲರದ್ದೂ ಹೇಳಿದ್ದೀಯಾ?"

ಅವಳು ತಲೆ ಎತ್ತಿ ನನ್ನನ್ನು ಆಶ್ಚರ್ಯದಿಂದ ನೋಡಿದಳು. "ಉಳಿದವರದು ನನಗ ಏನ್ ಗೊತ್ತೈತಿ? ನಿನ್ನಷ್ಟು ಹತ್ರದಾಕಿ ನನಗ ಯಾರಿದ್ರು?"

ಅದನ್ನು ಅಕ್ಕರೆಯಿಂದಲೇ ಹೇಳಿದಳು, ಕಣ್ಣಲ್ಲಿ ನೀರು ಕೂಡ ತಂದುಕೊಂಡು. ಪರದೆಯಾಚೆಯಿಂದ ಅಪ್ಪ ಇನ್ನೊಂದು ಕಾಫಿ ಕಳಿಸಲಾ ಎಂದು ಕೇಳುತ್ತಿದ್ದರು. ಎದ್ದು ಅವಳ ಕೆನ್ನೆಗೊಂದು ಬಾರಿಸಬೇಕೆಂದು ನನಗೆ ಅನ್ನಿಸಿತು. ಅಪ್ಪ ಇದ್ದಾರಲ್ಲ ಎಂದು ಸುಮ್ಮನೆ ಕೂತೆ. ಬಾರಿಸಬೇಕಿತ್ತು.