ಗೇಟಿನ ಕೋಣೆಯಲ್ಲಿ ಬೆಂದ ಸೂಪು

ಗುರುವಾರ ಬೆಳಿಗ್ಗೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನ ದೊಡ್ಡಮ್ಮ ಒಲೆಯ ಮುಂದೆ ನಿಂತು, ಕುದಿಯುತ್ತಿದ್ದ ರಾಜ್ಮಾ ಕಾಳಿನ ಮೇಲಿನ ನೊರೆಯನ್ನು ಸೌಟಿನಿಂದ ತೆಗೆಯುತ್ತಿದ್ದಳು. ಕೈಗಡಿಯಾರ ಬಿಚ್ಚಿ ಉಪ್ಪಿನ ಡಬ್ಬಿಯ ಮೇಲೆ ಇಟ್ಟಿದ್ದಳು. ಪಕ್ಕದ ಒಲೆಯ ಬಾಣಲೆಯಲ್ಲಿ ದನದ ಮಾಂಸದ ತುಂಡುಗಳು ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಈ ಸೂಪನ್ನು ಕೆಲಸದ ಜಾಗದಲ್ಲಿ ಮಾಡಕೂಡದು ಎಂದು ನೋಟಿಸ್ ಅಂಟಿಸಿ ಅಂದಿಗೆ ಹತ್ತು ದಿನವಾಗಿತ್ತು.

"ಬೇಡ ಅಂದಮೇಲೆ ಬಿಟ್ಟುಬಿಡಬಾರದೇನೇ?" ಎಂದು ದೊಡ್ಡಪ್ಪ ಹಾಸಿಗೆಯಿಂದಲೇ ಕೇಳಿದ.

"ನೋಟಿಸ್ ಓದಿದ್ದೀನಿ. ಕಟ್ಟಡದ ಒಳಗೆ ಅಂತ ಬರೆದಿದ್ದಾರೆ."

"ಮತ್ತೆ?"

"ಗೇಟಿನ ಕೋಣೆ ಕಟ್ಟಡದ ಹೊರಗಿದೆ."

ದೊಡ್ಡಪ್ಪ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವನು ಕಲಿತ ಅತಿ ಉಪಯುಕ್ತ ವಿದ್ಯೆ ಅದು.

ದೊಡ್ಡಮ್ಮ ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ತೊಳೆದ ಹಾಸಿಗೆ ಬಟ್ಟೆಗಳನ್ನು ಸುಕ್ಕು ತೆಗೆಯುವ ಬಿಸಿ ಉರುಳೆಯ ಬಾಯಿಗೆ ಕೊಟ್ಟು, ಆಚೆ ಬದಿಯಲ್ಲಿ ಬಂದದ್ದನ್ನು ಮಡಚುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಉರುಳೆ. ಪಾಳಿ ಬೆಳಿಗ್ಗೆ ಆರಕ್ಕೆ ಶುರು, ಊಟದ ಬಿಡುವು ಒಂದು ಗಂಟೆಗೆ, ಅದೂ ಇಪ್ಪತ್ತೈದೇ ನಿಮಿಷ. ಆಸ್ಪತ್ರೆಯ ಕ್ಯಾಂಟೀನಿಗೆ ನಡೆದು ಹೋಗಲು ಒಂಬತ್ತು ನಿಮಿಷ, ಬರಲು ಒಂಬತ್ತು. ಉಳಿದ ಏಳು ನಿಮಿಷದಲ್ಲಿ ಸಾಲಿನಲ್ಲಿ ನಿಂತು, ಪಡೆದು, ತಿನ್ನಬೇಕು. ಹಾಗಾಗಿ ಎಲ್ಲರೂ ಮನೆಯಿಂದ ತಂದ ತಣ್ಣನೆಯ ಡಬ್ಬಿಯನ್ನೇ ನಿಂತುಕೊಂಡು ಖಾಲಿ ಮಾಡುತ್ತಿದ್ದರು.

ಇದಕ್ಕೊಂದು ಕೊನೆ ಕಾಣಿಸಿದ್ದು ಸ್ಲೋ ಕುಕ್ಕರ್. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ದೊಡ್ಡಪ್ಪ ಕೊಟ್ಟ ಉಡುಗೊರೆ. "ಅಡುಗೆಮನೆಯಿಂದ ಸ್ವಲ್ಪ ಹೊರಗೆ ಬಾ ಅಂತ ತಂದುಕೊಟ್ಟೆ. ಇವಳು ಕುಕ್ಕರನ್ನೇ ಹೊರಗೆ ಹೊತ್ಕೊಂಡು ಹೋದಳು" ಎಂದು ಅವನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾನೆ. ಒಳಗೆ ಮಣ್ಣಿನ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಕರೆಂಟಿನ ಮಂದ ಬಿಸಿ. ಮಡಚುವ ಕೋಣೆಯ ಮೂಲೆಯಲ್ಲಿ ಅದು ಏಳು ಗಂಟೆ ಕಾಲ ಸದ್ದಿಲ್ಲದೆ ಕೂತಿರುತ್ತಿತ್ತು. ಅಲ್ಲಿನವರು ಅದಕ್ಕಿಟ್ಟ ಹೆಸರು ಸೋಮಾರಿ. ಪ್ರತಿ ಗುರುವಾರ ಸೋಮಾರಿಯಲ್ಲಿ ಮಾಂಸ, ರಾಜ್ಮಾ, ಕ್ಯಾರೆಟ್, ಟೊಮ್ಯಾಟೊ, ಬೆಳ್ಳುಳ್ಳಿ, ಕರಿಮೆಣಸು. ಒಂದು ಗಂಟೆಗೆ ಮುಚ್ಚಳ ತೆಗೆದರೆ ಸೋಪಿನ ವಾಸನೆಯ ಕೋಣೆ ಐದು ನಿಮಿಷದ ಮಟ್ಟಿಗೆ ಮನೆಯಾಗುತ್ತಿತ್ತು. ಏಳು ವರ್ಷ ಹೀಗೆ ನಡೆಯಿತು.

ನಾನು ಹೇಳುತ್ತಿರುವ ಗುರುವಾರಕ್ಕೆ ಎರಡು ವಾರ ಹಿಂದಿನ ಬುಧವಾರ ದೊಡ್ಡಮ್ಮ ಮಾರನೆಯ ದಿನಕ್ಕೆ ರಜೆ ಹಾಕಿದಳು. ಮೊಣಕಾಲಿನ ಎಕ್ಸ್‌ರೇ ಆಗಬೇಕಿತ್ತು. ಸೂಪಿನ ಜವಾಬ್ದಾರಿಯನ್ನು ಇಸ್ತ್ರಿಯವನಿಗೆ ಒಪ್ಪಿಸಿದಳು. ಇವನು ಡಾಕ್ಟರುಗಳ ಬಿಳಿ ಕೋಟಿಗೆ ಇಸ್ತ್ರಿ ಹಾಕುವವನು. ಇಬ್ಬರು ಮಕ್ಕಳ ತಂದೆ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ಕಿಲೋ ಮಾಂಸ ತಂದು, ಅರ್ಧವನ್ನು ಅವನ ಕೈಗೆ ಕೊಟ್ಟು, ಇನ್ನರ್ಧವನ್ನು ಮನೆಯ ಫ್ರೀಜರಿನಲ್ಲಿಟ್ಟಳು. ಬಸ್ ನಿಲ್ದಾಣದಲ್ಲಿ ಅವನಿಗೆ ಎರಡು ಸಲ ಹೇಳಿದಳು: "ಕಾಳು ರಾತ್ರಿ ನೆನೆಹಾಕು. ಬೆಳಿಗ್ಗೆ ಆ ನೀರು ಚೆಲ್ಲಿಬಿಡು. ಹೊಸ ನೀರಲ್ಲಿ ಮೂವತ್ತು ನಿಮಿಷ ಜೋರಾಗಿ ಕುದಿಸು. ಆಮೇಲೆ ಸೋಮಾರಿಗೆ."

"ಗೊತ್ತಲ್ಲ ಅಕ್ಕಾ. ಏಳು ವರ್ಷದಿಂದ ತಿಂತಿದ್ದೀನಿ."

"ತಿನ್ನೋದು ಬೇರೆ ಕಣಪ್ಪ."

ಗುರುವಾರ ಒಂದು ಗಂಟೆಗೆ ಐದು ಜನ ಸೂಪು ತಿಂದರು. ಎರಡೂವರೆಯ ಹೊತ್ತಿಗೆ ನಾಲ್ಕು ಜನ ನೆಲ ಹಿಡಿದಿದ್ದರು. ವಾಂತಿಯ ಮೇಲೆ ವಾಂತಿ. ಕೆಲಸ ಮಾಡುವುದು ಆಸ್ಪತ್ರೆಯಲ್ಲೇ ಆದ್ದರಿಂದ ಹೊತ್ತೊಯ್ಯಲು ದೂರವಿರಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಬಿಳುಚಿಕೊಂಡ ಮುಖ ಹೊತ್ತು ಎದ್ದು ಕೂತರು. ಯಾರಿಗೂ ದೊಡ್ಡ ಅಪಾಯವಾಗಲಿಲ್ಲ. ಆದರೆ ಅಂದು ಆಪರೇಷನ್ ಕೋಣೆಗೆ ಹೋಗಬೇಕಿದ್ದ ಬಟ್ಟೆ ಹೋಗಲಿಲ್ಲ, ಮೇಲಿನವರು ಕಾರಣ ಕೇಳಿದರು, ಸೂಪರ್‌ವೈಸರ್ ಕಾರಣ ಹುಡುಕಿದ. ಅವನಿಗೆ ಕಾರಣ ಹುಡುಕಲು ಹಿಡಿದದ್ದು ಹೆಚ್ಚೆಂದರೆ ಒಂದು ನಿಮಿಷ. ಸೋಮವಾರ ದೊಡ್ಡಮ್ಮನನ್ನು ಕರೆದು ಟೈಪ್ ಮಾಡಿದ ಕಾಗದ ಮುಂದಿಟ್ಟ. 'ನಾನು ತಂದ ಮಾಂಸ ಕೆಟ್ಟಿತ್ತು. ಆದದ್ದಕ್ಕೆಲ್ಲ ನಾನೇ ಹೊಣೆ.' ಕೆಳಗೆ ಸಹಿಗೆ ಗೆರೆ.

"ನೋಡಮ್ಮ, ಸಹಿ ಹಾಕಿದರೆ ಒಂದು ಎಚ್ಚರಿಕೆ ಕೊಟ್ಟು ಮುಗಿಸ್ತೀನಿ. ನಿಮಗೂ ಇನ್ನು ಮೂರು ವರ್ಷ ಸರ್ವೀಸ್ ಇದೆ. ಸುಮ್ಮನೆ ಯಾಕೆ ಎಳೆದಾಡೋದು?"

"ಮಾಂಸ ಕೆಟ್ಟಿರಲಿಲ್ಲ ಸಾರ್."

"ನೀವು ಅವತ್ತು ಇರಲೇ ಇಲ್ಲ. ನಿಮಗೆ ಹೇಗೆ ಗೊತ್ತು?"

"ಅದರ ಇನ್ನರ್ಧ ನಮ್ಮ ಮನೇಲಿತ್ತು. ಸುದ್ದಿ ಕೇಳಿದ ದಿನವೇ ಬೇಯಿಸಿ ತಿಂದೆ. ನಿಮ್ಮೆದುರಿಗೆ ನಿಂತಿದ್ದೀನಲ್ಲ."

ಸೂಪರ್‌ವೈಸರ್ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದ. "ಸಹಿ ಇಲ್ಲ ಅಂದ್ರೆ ನಾಳೆಯಿಂದ ಕೊಳೆ ಬಟ್ಟೆ ಕೋಣೆಗೆ ಹೋಗಬೇಕಾಗುತ್ತೆ."

ಕೊಳೆ ಬಟ್ಟೆಯ ಕೋಣೆ ಎಂದರೆ ವಾರ್ಡುಗಳಿಂದ ಬಂದ ಮೂಟೆಗಳನ್ನು ಬಿಚ್ಚಿ, ರಕ್ತದ್ದು ಬೇರೆ, ಮಲದ್ದು ಬೇರೆ ಎಂದು ವಿಂಗಡಿಸುವ ಜಾಗ. ಹೊಸದಾಗಿ ಸೇರಿದವರನ್ನು ಅಲ್ಲಿ ಹಾಕುತ್ತಾರೆ. ಹಲವರು ಮೊದಲ ವಾರದಲ್ಲೇ ಕೆಲಸ ಬಿಡುತ್ತಾರೆ.

"ನಾಳೆವರೆಗೆ ಯಾಕೆ ಸಾರ್, ಈಗಲೇ ಹೋಗ್ತೀನಿ" ಎಂದು ದೊಡ್ಡಮ್ಮ ಏಪ್ರನ್ ಬಿಚ್ಚಿ ಅವನ ಮೇಜಿನ ಮೇಲಿಟ್ಟಳು. ಅದನ್ನು ಅವಳು ನಾಲ್ಕು ಮಡಿಕೆಯಾಗಿ ಮಡಚಿ ಇಟ್ಟಳಂತೆ. ಮಡಚದೆ ಏನನ್ನೂ ಇಡಲು ಅವಳ ಕೈಗೆ ಬರುವುದಿಲ್ಲ. ಸಂಜೆಗೆ ಗೋಡೆಯ ಮೇಲೆ ನೋಟಿಸ್ ಬಿತ್ತು. ಸೋಮಾರಿಯನ್ನು ಮನೆಗೆ ಕಳಿಸಲಾಯಿತು.

ಸುಮ್ಮನೆ ಸಿಟ್ಟು ಮಾಡಿಕೊಂಡು ಕೂರುವ ಹೆಂಗಸು ಅವಳಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಗೆರೆ ಎಳೆದು, ಯಾರು ಏನು ತಿಂದರು, ಎಷ್ಟು ತಿಂದರು, ಏನಾಯಿತು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಳು. ಎಲ್ಲರಿಗಿಂತ ಹೆಚ್ಚು ನರಳಿದ್ದು ಹರಿದ ಬಟ್ಟೆ ಹೊಲಿಯುವಾಕೆ. ಹಲ್ಲು ಕೀಳಿಸಿಕೊಂಡಿದ್ದರಿಂದ ಅಂದು ಆಕೆ ಮಾಂಸ ಮುಟ್ಟಿರಲಿಲ್ಲ, ಮೆತ್ತಗಿದೆ ಎಂದು ಎರಡು ಬಟ್ಟಲು ಕಾಳನ್ನೇ ತಿಂದಿದ್ದಳು. ಏನೂ ಆಗದೆ ಉಳಿದವನು ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್.

"ನೀನು ಏನು ತಿಂದ್ಯಪ್ಪ?"

ಡ್ರೈವರ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಕ್ಕಾ, ಯಾರಿಗೂ ಹೇಳಬೇಡಿ. ಎಲ್ಲರಿಗಿಂತ ಮೊದಲು ಹೋಗಿ ಮಾಂಸದ ತುಂಡುಗಳನ್ನ ಹೆಕ್ಕಿಕೊಂಡುಬಿಟ್ಟೆ. ಹನ್ನೊಂದು. ಗೊತ್ತಾದರೆ ಹೊಡೀತಾರೆ."

"ಕಾಳು?"

"ಛೆ. ನನಗೂ ಕಾಳಿಗೂ ಮೊದಲಿಂದ ಆಗಿಬರಲ್ಲ."

ಭಾನುವಾರ ನಾನು ಹೋದಾಗ ಆ ಹಾಳೆಯನ್ನು ನನ್ನ ಮುಂದೆ ಹರಡಿದಳು. "ನೀನು ಕೆಮಿಸ್ಟ್ರಿ ಓದಿದವಳು. ಏನು ಹೇಳುತ್ತೆ ಇದು?" ಹೇಳಬೇಕಾದದ್ದನ್ನು ಹಾಳೆಯೇ ಹೇಳುತ್ತಿತ್ತು. ಮಾಂಸ ಮಾತ್ರ ತಿಂದವನು ಕುಣಿದಾಡಿಕೊಂಡಿದ್ದ, ಕಾಳು ಮಾತ್ರ ತಿಂದಾಕೆ ಮಲಗಿಬಿಟ್ಟಿದ್ದಳು. ಉಳಿದ ಕಾರಣವನ್ನಷ್ಟೇ ನಾನು ಸೇರಿಸಿದೆ. ಹಸಿ ರಾಜ್ಮಾದಲ್ಲಿ ಹೊಟ್ಟೆಯನ್ನು ಬುಡಮೇಲು ಮಾಡುವ ಒಂದು ಪ್ರೋಟೀನ್ ಇದೆ. ಚೆನ್ನಾಗಿ ಕುದಿಸಿದರೆ ಅದು ಹಾಳಾಗುತ್ತದೆ. ಸೋಮಾರಿಯ ಮಂದ ಬಿಸಿ ಕುದಿಯ ಮಟ್ಟವನ್ನು ಮುಟ್ಟದೆ ಹೋಗಬಹುದು. ಆಗ ಏಳು ಗಂಟೆ ಇಟ್ಟರೂ ಕಾಳು ಮೆತ್ತಗಾಗಿ, ಬೆಂದಂತೆ ಕಾಣುತ್ತದೆಯೇ ಹೊರತು ಒಳಗಿನ ಕಾಟ ಹೋಗುವುದಿಲ್ಲ.

ದೊಡ್ಡಮ್ಮ ಹಾಳೆಯನ್ನು ನಾಲ್ಕು ಮಡಿಕೆಯಾಗಿ ಮಡಚಿದಳು. "ನಮ್ಮಮ್ಮ ಮೂವತ್ತು ನಿಮಿಷ ಅಂತಿದ್ದಳು, ನಾನೂ ಮೂವತ್ತು ನಿಮಿಷ ಅಂತೀನಿ. ಯಾಕೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ" ಎಂದಳು.

ಮರುದಿನ ಇಸ್ತ್ರಿ ಮೇಜಿನ ಬಳಿ ನಿಂತು ಒಂದೇ ಪ್ರಶ್ನೆ ಕೇಳಿದಳು. "ಕಾಳು ಕುದಿಸಿದ್ಯಾ?"

"ಕುದಿಸ್ದೆ ಅಕ್ಕಾ."

ಅವನು ತಲೆ ಎತ್ತಲಿಲ್ಲ. ಇಸ್ತ್ರಿ ಪೆಟ್ಟಿಗೆ ಮಾತ್ರ ನಿಂತ ಜಾಗದಲ್ಲೇ ನಿಂತುಬಿಟ್ಟಿತ್ತು. ಎತ್ತಿದಾಗ ಯಾವುದೋ ಡಾಕ್ಟರರ ಕೋಟಿನ ಬೆನ್ನಿನ ಮೇಲೆ ಕಂದು ತ್ರಿಕೋನ ಮೂಡಿತ್ತು. ದೊಡ್ಡಮ್ಮ ಆ ತ್ರಿಕೋನವನ್ನು ನೋಡಿದಳು, ಅವನನ್ನು ನೋಡಿದಳು, ತನ್ನ ಕೊಳೆ ಬಟ್ಟೆಯ ಕೋಣೆಗೆ ವಾಪಸು ಹೋದಳು. ಸೂಪರ್‌ವೈಸರ್ ಬಳಿ ಹೋಗಿ ಅವನ ಹೆಸರು ಹೇಳಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, "ಅವನ ಕೆಲಸ ಇನ್ನೂ ಕಾಯಂ ಆಗಿಲ್ಲ. ನನ್ನ ಬಾಯಿಂದ ಬಂದ್ರೆ ನಾಳೆನೇ ಮನೆಗೆ ಕಳಿಸ್ತಾರೆ. ಹೇಳೋದಿದ್ರೆ ಅವನೇ ಹೇಳಲಿ" ಎಂದಳು. "ಹಾಗಂತ ನಾನು ಮಾಡದ ತಪ್ಪಿಗೆ ಸಹಿ ಹಾಕ್ತೀನಿ ಅಂದ್ಕೋಬೇಡ."

ಹೀಗೆ ಬಂದದ್ದು ಆ ಗುರುವಾರ.

ಗೇಟಿನ ಕೋಣೆಯ ಕಾವಲುಗಾರ ದೊಡ್ಡಮ್ಮನಿಗಿಂತ ಹಿರಿಯ. ಕುಕ್ಕರನ್ನೂ ಅವಳನ್ನೂ ಒಂದು ಸಲ ನೋಡಿ, "ನನಗೆ ಸಂಬಳ ಕೊಡೋ ಕಂಪನಿನೇ ಬೇರೆ. ನಿಮ್ಮ ಸೂಪರ್‌ವೈಸರ್ ನನಗೇನೂ ಆಗಬೇಕಿಲ್ಲ" ಎಂದ. "ಆದರೆ ತಂಗೀ, ಪ್ಲಗ್ ಇರೋದು ಒಂದೇ. ಫ್ಯಾನ್ ಕೀಳಬೇಕು."

"ಕಷ್ಟ ಆಗುತ್ತಾ?"

"ಆಗುತ್ತೆ. ಒಂದು ಬಟ್ಟಲು ಜಾಸ್ತಿ ಹಾಕು, ಸರಿಹೋಗುತ್ತೆ."

ಐದು ಐವತ್ತಕ್ಕೆ ಸೋಮಾರಿ ಕೆಲಸ ಶುರುಮಾಡಿತು. ಕಾವಲುಗಾರ ಏಳು ಗಂಟೆ ಕಾಲ ರಿಜಿಸ್ಟರಿನಿಂದ ಗಾಳಿ ಬೀಸಿಕೊಂಡ. ಒಂದು ಗಂಟೆಗೆ ದೊಡ್ಡಮ್ಮ ಮೊಣಕೈವರೆಗೆ ಕೈ ತೊಳೆದು ಬಂದು, ಗೇಟಿನ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕುಕ್ಕರ್ ಇಟ್ಟು ಮುಚ್ಚಳ ತೆಗೆದಳು. ಕಾವಲುಗಾರನಿಗೆ ಬಡಿಸಿ ತಾನೂ ತಿನ್ನತೊಡಗಿದಳು. ಉಳಿದವರು ವಿಭಾಗದ ಬಾಗಿಲಲ್ಲಿ ಗುಂಪಾಗಿ ನಿಂತರೇ ಹೊರತು ಹೊಸ್ತಿಲು ದಾಟಲಿಲ್ಲ. ಮೊದಲ ಬಟ್ಟಲು ಮುಗಿಯಿತು. ಎರಡನೆಯದಕ್ಕೆ ಎಲ್ಲರಿಗೂ ಕಾಣುವಂತೆ ಸೌಟು ಎತ್ತಿ ಕಾಳನ್ನೇ ಬಡಿಸಿಕೊಂಡಳು.

ತಡೆಯಲಾರದೆ ಬಂದವನು ಡ್ರೈವರ್. "ನನಗೇನು ಭಯ, ನಾನು ಕಾಳು ಮುಟ್ಟಲ್ಲ."

"ಇವತ್ತು ಕಾಳು ತಿನ್ನದವರಿಗೆ ಮಾಂಸಾನೂ ಇಲ್ಲ."

"ಅಕ್ಕಾ!"

"ಮೂರು ಸೌಟು. ನಿಂತ್ಕೊಂಡು ತಿನ್ನು, ಎಲ್ಲರಿಗೂ ಕಾಣಲಿ."

ಅವನು ಔಷಧಿ ಕುಡಿಯುವ ಮುಖ ಮಾಡಿ ತಿಂದ. ಅಷ್ಟರಲ್ಲಿ ಸೂಪರ್‌ವೈಸರ್ ದಾಪುಗಾಲು ಹಾಕುತ್ತ ಬಂದ. ಕೈಯಲ್ಲಿ ಅದೇ ಕಾಗದ.

"ಏನಮ್ಮ ಇದು ನಾಟಕ?"

"ಊಟ, ಸಾರ್."

"ನೋಟಿಸ್ ಹಾಕಿದ್ದು ಕಾಣಿಸಲಿಲ್ವಾ?"

"ಕಾಣಿಸ್ತು. ಕಟ್ಟಡ ಅಲ್ಲಿದೆ, ನಾನು ಇಲ್ಲಿದ್ದೀನಿ. ನೀವೂ ಒಂದು ಬಟ್ಟಲು ತಗೊಳ್ಳಿ. ಮಾಂಸ ಅದೇ ಅಂಗಡಿದು."

"ಹಠ ಸಾಕು. ಒಂದು ಸಹಿಗೆ ನಿಮ್ಮ ಗಂಟೇನು ಹೋಗುತ್ತೆ?"

"ಇಪ್ಪತ್ತಾರು ವರ್ಷ ನಿಮ್ಮ ಹಾಜರಿ ಪುಸ್ತಕದಲ್ಲಿ ಹಾಕಿದ ಸಹಿ ಒಂದೂ ಸುಳ್ಳಲ್ಲ. ಇದೊಂದು ಸುಳ್ಳಾದರೆ ಅವುಗಳ ಗತಿ ಏನು ಸಾರ್?"

ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು. ಸೂಪರ್‌ವೈಸರ್ ಅತ್ತ ತಿರುಗಿದಾಗ ಇಸ್ತ್ರಿಯವನು ಗುಂಪಿನಿಂದ ಹೊರಗೆ ಬಂದಿದ್ದ. ಅವನ ಕೈಯಲ್ಲಿ ಖಾಲಿ ಬಟ್ಟಲಿತ್ತು. ಬೆಂಚಿನವರೆಗೆ ನಡೆದು ಬಂದು ಅದನ್ನು ದೊಡ್ಡಮ್ಮನ ಮುಂದೆ ಚಾಚಿದ.

"ನಾನು ಕುದಿಸಿರಲಿಲ್ಲ ಸಾರ್. ಮೂವತ್ತು ನಿಮಿಷ ಅಂತ ಅಕ್ಕ ಎರಡು ಸಲ ಹೇಳಿದ್ರು. ಅವತ್ತು ಏಳೋದು ತಡ ಆಯ್ತು, ಬಸ್ಸು ತಪ್ಪುತ್ತಿತ್ತು. ಹೇಗಿದ್ರೂ ಏಳು ಗಂಟೆ ಬೇಯುತ್ತಲ್ಲ, ಈ ಅರ್ಧ ಗಂಟೆ ಯಾತಕ್ಕೆ ಅಂತ ನೆನೆದ ಕಾಳನ್ನ ಹಾಗೇ ಸುರಿದೆ. ಮಾಂಸ ಚೆನ್ನಾಗೇ ಇತ್ತು."

ಹೊಲಿಗೆಯಾಕೆ, "ಪಾಪಿ, ಒಂಬತ್ತು ಸಲ ವಾಂತಿ ಮಾಡ್ಕೊಂಡೆ ಕಣೋ ನಾನು!" ಎಂದಳು.

ಸೂಪರ್‌ವೈಸರ್ ಕಾಗದವನ್ನು ಇಸ್ತ್ರಿಯವನತ್ತ ತಿರುಗಿಸುವ ಮೊದಲೇ ದೊಡ್ಡಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ಏಳು ಗಂಟೆ ಬೇಯೋದಕ್ಕೆ ಅರ್ಧ ಗಂಟೆ ಯಾತಕ್ಕೆ ಅಂತ ಯಾರಿಗಾದರೂ ಅನ್ನಿಸುತ್ತೆ ಸಾರ್. ಎಷ್ಟು ಹೊತ್ತು ಅಂತ ನಾನು ಹೇಳಿದೆ, ಯಾಕೆ ಅಂತ ಹೇಳಲಿಲ್ಲ. ಅಷ್ಟು ನನ್ನ ತಪ್ಪು. ಅದಕ್ಕೆ ಬೇಕಾದರೆ ಸಹಿ ಹಾಕ್ತೀನಿ." ಬೆಂಚಿನ ಮೇಲೆ ಕಾಗದ ಇಟ್ಟು, ಟೈಪ್ ಮಾಡಿದ ಎರಡೂ ವಾಕ್ಯಗಳನ್ನು ಹೊಡೆದುಹಾಕಿ, 'ಮಾಂಸ ಕೆಟ್ಟಿರಲಿಲ್ಲ. ಕಾಳು ಕುದ್ದಿರಲಿಲ್ಲ. ಯಾಕೆ ಕುದಿಸಬೇಕು ಎಂದು ನಾನು ಹೇಳಿರಲಿಲ್ಲ' ಎಂದು ಬರೆದು ಸಹಿ ಹಾಕಿದಳು. ಆಮೇಲೆ ಇಸ್ತ್ರಿಯವನ ಬಟ್ಟಲು ತುಂಬಿಸಿದಳು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಬಂದರು. ಹೊಲಿಗೆಯಾಕೆ ಎಲ್ಲರಿಗಿಂತ ಕೊನೆಗೆ ಬಂದಳು. ಮೊದಲು ಒಂದೇ ಕಾಳು ತಿಂದು, ಹತ್ತು ನಿಮಿಷ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದು, ಆಮೇಲೆ ಬಟ್ಟಲು ಚಾಚಿದಳು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಎಲ್ಲರೂ ಹಾಜರಿದ್ದರು. ಆರೂವರೆಗೆ ಸೂಪರ್‌ವೈಸರ್ ಕೊಳೆ ಬಟ್ಟೆಯ ಕೋಣೆಯ ಹೊರಗೆ, ಮೂಗಿಗೆ ಕರವಸ್ತ್ರ ಹಿಡಿದು ನಿಂತ. ನಾಲ್ಕು ಮಡಿಕೆಯ ಏಪ್ರನ್ ಅವನ ಕಂಕುಳಲ್ಲಿತ್ತು. ಇಸ್ತ್ರಿಯವನಿಗೆ ಬೈದು ಬಿಟ್ಟಿದ್ದಾನೆಂದೂ, ಉರುಳೆಗೆ ಹೊಸಬರನ್ನು ಹಾಕಿದರೆ ಬಟ್ಟೆ ಸುಕ್ಕಾಗುತ್ತಿದೆಯೆಂದೂ, ಅವಳು ವಾಪಸು ಬರಬಹುದೆಂದೂ ಹೇಳಿದ. ಕ್ಷಮೆ ಕೇಳಲಿಲ್ಲ. ಕುಕ್ಕರಿನ ನೋಟಿಸ್ ಬದಲಾಯಿಸುತ್ತಿದ್ದಾನಂತೆ. ಕಾಳು ಕುದಿಸುವ ನಿಯಮ ಸೇರಿಸಿ ಅನುಮತಿ ಕೊಡಬಹುದಂತೆ.

"ಹತ್ತು ನಿಮಿಷ ಅಂತ ಬರೀಲಾ? ಏಳು ಗಂಟೆ ಬೇಯುತ್ತಲ್ಲಮ್ಮ ಆಮೇಲೆ."

ದೊಡ್ಡಮ್ಮ ಕೈಯಲ್ಲಿದ್ದ ಮೂಟೆಯ ಗಂಟು ಬಿಚ್ಚುತ್ತಲೇ ಇದ್ದಳು.

"ಹೋಗಲಿ, ಇಪ್ಪತ್ತು?"

ಅವಳು ಗಂಟು ಬಿಟ್ಟು, ಬಸ್ ನಿಲ್ದಾಣದಲ್ಲಿ ಹೇಳಿದ್ದ ಅದೇ ದನಿಯಲ್ಲಿ ಹೇಳಿದಳು.

"ಮೂವತ್ತು ನಿಮಿಷ."